ಹಿನ್ನೀರು ದಾಟುವ ದಿನ

ಸಾಗರದಿಂದ ಆವಿನಹಳ್ಳಿ ಮಾರ್ಗವಾಗಿ ಹೊರಟ ರಸ್ತೆ ಅಂಬಾರಗೋಡ್ಲು ದಾಟಿ ಹೊಳೆಬಾಗಿಲಿಗೆ ಬಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ನೀರು. ಎರಡು ಕಿಲೋಮೀಟರಿಗೂ ಮಿಕ್ಕಿದ ಶರಾವತಿಯ ಹಿನ್ನೀರು. ಆಚೆ ದಡದ ಕಳಸವಳ್ಳಿಯಿಂದ ಅದೇ ರಸ್ತೆ ಮತ್ತೆ ಶುರುವಾಗಿ ತುಮರಿಗೂ ಸಿಗಂದೂರಿಗೂ ಹೋಗುತ್ತಿತ್ತು. ನಡುವಿನ ಅಷ್ಟು ದೂರಕ್ಕೆ ಇದ್ದದ್ದು ಲಾಂಚು. ಕಾರು, ಜೀಪು, ಬೈಕು, ಅಡಿಕೆ ತುಂಬಿದ ಪಿಕಪ್ಪು, ಊರಿನ ಬಸ್ಸು, ಮದುವೆ ದಿಬ್ಬಣ, ಸಿಗಂದೂರಿನ ದೇವಿ ಚೌಡಮ್ಮನ ಭಕ್ತರು, ಎಲ್ಲರೂ ಅದರಲ್ಲೇ. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಇಲ್ಲಿನ ಹೊಸ ಸೇತುವೆಯನ್ನು ಉದ್ಘಾಟಿಸುವವರೆಗೂ ಮಲೆನಾಡಿನ ಪ್ರವಾಸಕ್ಕೆ ಬಂದ ಸಾವಿರಾರು ಕುಟುಂಬಗಳ ಪಾಲಿಗೆ ರಜೆಯ ಒಂದು ದಿನ ಈ ಲಾಂಚಿನದೇ ಆಗಿರುತ್ತಿತ್ತು.

ಅಂಥ ಒಂದು ದಿನ ಹೇಗಿರುತ್ತಿತ್ತು ಎಂದು ತಿಳಿಯಲು ಬೆಂಗಳೂರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಅಪ್ಪ, ಅಮ್ಮ, ಅಜ್ಜಿ, ಒಂಬತ್ತನೇ ತರಗತಿಯ ಪರೀಕ್ಷೆ ಮುಗಿಸಿದ ಮಗಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಟ್ಯೂಷನ್ನು ಶುರುವಾಗುವುದರೊಳಗೆ ಎಲ್ಲಾದರೂ ಹೋಗಿಬರೋಣ ಎಂದು ಏಪ್ರಿಲ್‌ನಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿದ್ದಾರೆ. ಅಜ್ಜಿಗೆ ಸಿಗಂದೂರಿನ ಹರಕೆ, ಅಪ್ಪನಿಗೆ ಜೋಗ, ಅಮ್ಮನಿಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ. ಹುಡುಗಿಯನ್ನು ಯಾರೂ ಕೇಳಿಲ್ಲ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಕುಟುಂಬದ ಪ್ರವಾಸವೆಂದರೆ ಸಾಮಾನ್ಯವಾಗಿ ಹೀಗೇ. ಸಣ್ಣವರಾಗಿದ್ದರೆ ಕಿಟಕಿ ಪಕ್ಕದ ಸೀಟಿಗೆ ಹಟ ಮಾಡಬಹುದಿತ್ತು, ದೊಡ್ಡವರಾಗಿದ್ದರೆ ಗೆಳತಿಯರ ಜೊತೆ ಬೇರೆಯೇ ಹೋಗಬಹುದಿತ್ತು. ಎರಡೂ ಅಲ್ಲದ ವಯಸ್ಸು. ಹಿಂದಿನ ಸೀಟು, ಕಿವಿಗೆ ಇಯರ್‌ಫೋನು.

ಬೆಳಗಿನ ಹೊತ್ತಿಗೆ ಸಾಗರ ಜಂಬಗಾರು ನಿಲ್ದಾಣ. ಒಂದು ತಿಂಡಿ, ಒಂದು ಬಾಡಿಗೆ ಕಾರು. ದಾರಿಯುದ್ದಕ್ಕೂ ಅಡಿಕೆ ತೋಟಗಳ ಬೇಲಿಗೆ ನೇತುಹಾಕಿದ ತಗಡಿನ ಫಲಕಗಳು: ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ. ಈ ಫಲಕವನ್ನು ಹುಡುಗಿ ಬೆಂಗಳೂರಿನ ಹೊರವಲಯದಲ್ಲೂ ನೋಡಿದ್ದಾಳೆ. ಕಳ್ಳಕಾಕರಿಂದ ಕಾಯುವ ದೇವಿ ಎಂದು ಕರ್ನಾಟಕದ ಮೂಲೆಮೂಲೆಯ ರೈತರು ನಂಬಿಕೊಂಡಿರುವ ಚೌಡಮ್ಮ ಇರುವುದು ಇಷ್ಟು ಒಳಗೆ, ನೀರಿನಾಚೆ ಎಂಬುದು ಮಾತ್ರ ಇಲ್ಲಿಗೆ ಬಂದ ಮೇಲೇ ಗೊತ್ತಾಗುವ ಸಂಗತಿ. ಮಕರ ಸಂಕ್ರಾಂತಿಯ ಜಾತ್ರೆಗಂತೂ ಹೊಳೆಬಾಗಿಲಿನ ವಾಹನಗಳ ಸಾಲು ಗುಡ್ಡ ಹತ್ತಿ ನಿಲ್ಲುತ್ತಿತ್ತು.

ಹೊಳೆಬಾಗಿಲು ಬರುವ ಹೊತ್ತಿಗೆ ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗಿ ಹುಡುಗಿಯ ಮುಖ ಸಪ್ಪಗಾಗಿರುತ್ತದೆ. ರಜೆಗೆ ಬಂದವರಿಗೆ ಅದು ಅರ್ಧ ದಿನದ ಕಿರಿಕಿರಿ. ಆಚೆ ದಡದ ಅವಳ ವಯಸ್ಸಿನವರಿಗೆ ಅದು ವರ್ಷಗಳ ಪಾಡು. ಕರೂರು ಮತ್ತು ಬಾರಂಗಿ ಹೋಬಳಿಗಳ ಜನ ಮೊಬೈಲ್ ಟವರಿಗಾಗಿ ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಎಂಬ ಘೋಷಣೆ ಹಿಡಿದು ಚಳವಳಿಯನ್ನೇ ಮಾಡಿದ್ದಾರೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕುಳಿತ ಚಿತ್ರಗಳನ್ನು ಆಗ ಪತ್ರಿಕೆ ಓದಿದವರು ಮರೆತಿರಲಾರರು.

ಸಾಲಿನಲ್ಲಿ ಕಾರು ನಿಲ್ಲಿಸಿದರೆ ಪಾಳಿ ಬರಲು ಎಷ್ಟು ಹೊತ್ತೋ. ವಾರದ ದಿನವಾದರೆ ಮುಂದಿನ ಲಾಂಚಿಗೇ ಜಾಗ ಸಿಕ್ಕೀತು. ರಜೆ, ಭಾನುವಾರ, ಹುಣ್ಣಿಮೆಯಾದರೆ ತಾಸುಗಟ್ಟಲೆ. ಮಂಡಕ್ಕಿ, ಉಪ್ಪುಖಾರ ಸವರಿದ ಸೌತೆಕಾಯಿ, ಅನಾನಸಿನ ಹೋಳು. ಅಪ್ಪ ಒಂದು ಸಲ ಹೋಗಿ ಸಾಲು ಎಣಿಸಿ ಬರುತ್ತಾನೆ, ಐದು ನಿಮಿಷ ಬಿಟ್ಟು ಮತ್ತೊಂದು ಸಲ. ಅಜ್ಜಿ ಪಕ್ಕದ ಜೀಪಿನವರ ಊರು, ಮನೆತನ, ಅವರಿಗೆ ಮಕ್ಕಳೆಷ್ಟು ಎಂಬುದನ್ನೆಲ್ಲ ತಿಳಿದುಕೊಂಡಾಗಿರುತ್ತದೆ. ಮಾಡಲು ಬೇರೇನೂ ಇಲ್ಲದೆ ಹುಡುಗಿ ಕಾರಿನಿಂದಿಳಿದು ನೀರಿನತ್ತ ನಡೆಯುತ್ತಾಳೆ. ಕುಟುಂಬದ ಪ್ರವಾಸಗಳಲ್ಲಿ ಲಾಂಚು, ಫೆರಿಗಳು ಮಾಡುವ ದೊಡ್ಡ ಉಪಕಾರ ಇದೇ ಎನ್ನಬೇಕು. ಕಾರು ನಿಲ್ಲಲೇಬೇಕು, ಬಾಗಿಲು ತೆಗೆಯಲೇಬೇಕು, ಎಲ್ಲರೂ ಇಳಿಯಲೇಬೇಕು.

ಲಾಂಚು ಎಂದರೆ ಚೂಪು ಮೂತಿಯ, ಬಿಳಿ ಬಣ್ಣದ ಹಡಗನ್ನು ಯಾರೂ ಕಲ್ಪಿಸಿಕೊಳ್ಳಬಾರದು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಇಲ್ಲಿ ಓಡಿಸುತ್ತಿದ್ದದ್ದು ಚಪ್ಪಟೆ ತಳದ, ಅಗಲವಾದ, ನಡುವೆ ಬಯಲಾಗಿರುವ ಉಕ್ಕಿನ ನೌಕೆ. ದಡಕ್ಕೆ ಬಂದು ತನ್ನ ಹಲಗೆಯನ್ನು ನೆಲಕ್ಕೆ ಚಾಚುತ್ತದೆ; ವಾಹನಗಳು ಅದರ ಮೇಲೆ ಗಡಗಡನೆ ಹತ್ತುತ್ತವೆ. ಹತ್ತಿಸುವುದೇ ಒಂದು ವಿದ್ಯೆ. ಭಾರದ ಬಸ್ಸು ಯಾವ ಕಡೆ, ಕಾರುಗಳು ಯಾವ ಕಡೆ, ಬೈಕುಗಳನ್ನು ಯಾವ ಸಂದಿಗೆ ತೂರಿಸಬೇಕು ಎಂಬುದನ್ನು ಸಿಬ್ಬಂದಿ ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾರೆ. ‘ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಸಾಕು’ ಎಂದು ಕೂಗುವವನ ಕೈಯನ್ನೇ ನೋಡುತ್ತ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪಳಗಿದ ಚಾಲಕರೂ ಉಸಿರು ಬಿಗಿಹಿಡಿದು ಸ್ಟೇರಿಂಗ್ ತಿರುಗಿಸುತ್ತಿದ್ದರು. ಎರಡು ಕಾರುಗಳ ಕನ್ನಡಿಗಳ ನಡುವೆ ಒಂದು ಅಂಗೈ ಜಾಗ ಉಳಿದರೆ ಹೆಚ್ಚು. ಆಮೇಲೆ ಜನ.

ಹತ್ತು ಟನ್ನಿನ ಬಸ್ಸು ಹತ್ತಿದರೂ ಇದು ಮುಳುಗುವುದಿಲ್ಲವೇಕೆ? ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಆರ್ಕಿಮಿಡೀಸ್ ತತ್ವ ಓದಿದ ಹುಡುಗಿಗೆ ಉತ್ತರ ಗೊತ್ತು. ಪರೀಕ್ಷೆಯಲ್ಲಿ ಬರೆದೂ ಇದ್ದಾಳೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆದರೆ ಆ ಸಾಲು ಕಣ್ಣೆದುರು ನಡೆಯುವುದನ್ನು ಕಾಣಲು ಇಲ್ಲಿಗೇ ಬರಬೇಕು. ಲೆಕ್ಕಕ್ಕೆ ಸುಲಭವಾಗಲೆಂದು 20 ಮೀಟರ್ ಉದ್ದ, ಏಳೂವರೆ ಮೀಟರ್ ಅಗಲದ ಚಪ್ಪಟೆ ತಳದ ಒಂದು ನೌಕೆಯನ್ನು ಇಟ್ಟುಕೊಳ್ಳೋಣ. ತಳದ ವಿಸ್ತೀರ್ಣ 150 ಚದರ ಮೀಟರ್. ಜನ ತುಂಬಿದ ಬಸ್ಸಿನ ತೂಕ 15 ಟನ್ ಎಂದರೆ ಅದು ಸರಿಸಬೇಕಾದ ನೀರು 15 ಘನ ಮೀಟರ್. ಭಾಗಿಸಿದರೆ ಬರುವುದು ಒಂದು ಮೀಟರಿನ ಹತ್ತನೇ ಒಂದು ಪಾಲು. ಅಂದರೆ ಇಡೀ ಬಸ್ಸು ಹತ್ತಿ ನಿಂತರೂ ನೌಕೆ ನೀರಿನೊಳಕ್ಕೆ ಇಳಿಯುವುದು ಹತ್ತೇ ಸೆಂಟಿಮೀಟರ್. ದಡದಲ್ಲಿ ನಿಂತು ನೌಕೆಯ ಬದಿಯ ನೀರಿನ ಗೆರೆಯ ಮೇಲೆ ಕಣ್ಣಿಟ್ಟರೆ ಈ ಇಳಿತ ಕಾಣುತ್ತದೆ. ಬಸ್ಸಿನ ಮುಂದಿನ ಗಾಲಿ ಹತ್ತಿದಾಗ ಆ ತುದಿ ತುಸು ತಗ್ಗುತ್ತದೆ, ಬಸ್ಸು ನಡುವಿಗೆ ಬಂದಂತೆ ಮತ್ತೆ ಮಟ್ಟವಾಗುತ್ತದೆ. ಪಠ್ಯಪುಸ್ತಕದ ಬೀಕರು ಮತ್ತು ಕಲ್ಲಿನ ಚಿತ್ರಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ.

ತಳ ಚಪ್ಪಟೆಯಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಸಮುದ್ರದ ಬಂದರಿಗೆ ಕಟ್ಟೆಯಿರುತ್ತದೆ, ಆಳವಿರುತ್ತದೆ. ಹಿನ್ನೀರಿನ ದಡಕ್ಕೆ ಎರಡೂ ಇಲ್ಲ. ಮಳೆಗಾಲ ಮುಗಿದಾಗ ಗುಡ್ಡದ ಬುಡದವರೆಗೂ ತುಂಬಿನಿಂತ ನೀರು ಬೇಸಗೆಗೆ ಇಳಿಯುತ್ತ ಹೋಗುತ್ತದೆ, ದಡ ದೂರ ಸರಿಯುತ್ತದೆ, ಕೆಂಪು ಮಣ್ಣಿನ ಮೆಟ್ಟಿಲಿನಂಥ ಗೆರೆಗಳು ಏಳುತ್ತವೆ. ಕಡಿಮೆ ಆಳದಲ್ಲಿ ದಡದ ತೀರ ಹತ್ತಿರಕ್ಕೆ ಬರಬಲ್ಲ ನೌಕೆಯೇ ಇಲ್ಲಿಗೆ ಬೇಕು. ಅದಕ್ಕೂ ಒಂದು ಮಿತಿ. 2023ರ ಜೂನ್‌ನಲ್ಲಿ ಮುಂಗಾರು ತಡವಾಗಿ ನೀರು ಪಾತಾಳ ಕಂಡಾಗ ಲಾಂಚಿನಲ್ಲಿ ವಾಹನ ಸಾಗಿಸುವುದನ್ನು ನಿಲ್ಲಿಸಿ ಜನರನ್ನಷ್ಟೇ ದಾಟಿಸಬೇಕಾಯಿತು. ದೂರದಿಂದ ಕಾರಿನಲ್ಲಿ ಬಂದವರು ಈಚೆ ದಡದಲ್ಲಿ ಕಾರು ಬಿಟ್ಟು, ಆಚೆ ದಡದಲ್ಲಿ ಜೀಪು ಹಿಡಿದು ದೇವಸ್ಥಾನಕ್ಕೆ ಹೋದರು. ತುಮರಿಯವರ ಅಡಿಕೆ, ಗೊಬ್ಬರ, ಸಿಮೆಂಟು, ಅಡುಗೆ ಅನಿಲ ಹೊಸನಗರ, ನಿಟ್ಟೂರು ಕಡೆಯ ಸುತ್ತುದಾರಿ ಹಿಡಿಯಬೇಕಾಯಿತು.

ಲಾಂಚು ದಡ ಬಿಟ್ಟಮೇಲೆ ಕಾಲು ಗಂಟೆಯ ಆಸುಪಾಸಿನ ಪ್ರಯಾಣ. ಎಂಜಿನ್ನಿನ ಸದ್ದು, ಡೀಸೆಲ್ ವಾಸನೆ, ಮುಖಕ್ಕೆ ಹೊಡೆಯುವ ಗಾಳಿ. ಬಹುತೇಕ ಪ್ರವಾಸಿಗರು ಮೊದಲ ಎರಡು ನಿಮಿಷ ಫೋಟೊ ತೆಗೆಯುತ್ತಾರೆ. ಆಮೇಲೆ ಕಂಬಿ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಅದೇ ಹೊತ್ತಿಗೆ ಹುಡುಗಿಗೆ ನೀರಿನಿಂದ ಮೇಲೆದ್ದ ಕಪ್ಪು ಕೊರಡುಗಳು ಕಾಣುತ್ತವೆ. ಒಂದೊಂದರ ಮೇಲೂ ಒಂದೊಂದು ನೀರುಕಾಗೆ, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ.

‘ಅಪ್ಪಾ, ನದಿ ಮಧ್ಯೆ ಮರ ಹೆಂಗೆ ಬಂತು?’

ಅಪ್ಪನಿಗೆ ಅಷ್ಟೇನೂ ಗೊತ್ತಿಲ್ಲ. ಉತ್ತರ ಬರುವುದು ಪಕ್ಕದಲ್ಲಿ ಅಡಿಕೆ ಚೀಲದ ಮೇಲೆ ಕುಳಿತ ಹಿರಿಯರಿಂದ. ‘ಇದು ನದಿ ಅಲ್ಲ ಕಣಮ್ಮ. ಇದ್ರ ಕೆಳಗೆ ಊರಿತ್ತು.’

ಇಲ್ಲಿಂದ ಮುಂದೆ ಈ ಪ್ರವಾಸಕ್ಕೆ ಬೇರೆಯೇ ಆಳ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಉದ್ದದ ನದಿಯೇನಲ್ಲ, 128 ಕಿಲೋಮೀಟರ್ ಅಷ್ಟೆ. ಆದರೆ ಜೋಗದಲ್ಲಿ 253 ಮೀಟರ್ ಧುಮುಕುವ ನದಿ. ಎತ್ತರದಿಂದ ಬೀಳುವ ನೀರೆಂದರೆ ಎಂಜಿನಿಯರುಗಳ ಕಣ್ಣಿಗೆ ವಿದ್ಯುತ್ತು. ಮೈಸೂರು ಸಂಸ್ಥಾನದ ಕಾಲದಲ್ಲೇ ಇಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಎದ್ದಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಶುರುಮಾಡಿತು, ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರು ಬಂತು. ಬೆಳೆಯುತ್ತಿದ್ದ ರಾಜ್ಯಕ್ಕೆ ಅದು ಸಾಲಲಿಲ್ಲ. 1964ರಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟೆ ಪೂರ್ತಿಯಾಯಿತು. ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ; ಹಿಡಿಯುವ ನೀರು ಸುಮಾರು 151 ಟಿಎಂಸಿ; ಹರಡುವ ಜಾಗ 300 ಚದರ ಕಿಲೋಮೀಟರಿಗೂ ಹೆಚ್ಚು. ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಹೊಸ ಅಣೆಕಟ್ಟೆಯ ನೀರಲ್ಲಿ ಮುಳುಗಿತು. ಕಡು ಬೇಸಗೆಯ ವರ್ಷಗಳಲ್ಲಿ ಅದು ತಲೆ ಎತ್ತುತ್ತದೆ, ಆಗ ಜನ ಅದನ್ನು ನೋಡಲೆಂದೇ ಹೋಗುತ್ತಾರೆ.

ಈ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ದಶಕಗಳ ಕಾಲ ಬೆಂಗಳೂರಿನ ಕಾರ್ಖಾನೆಗಳು ಓಡಿದ್ದು, ಬೀದಿ ದೀಪಗಳು ಉರಿದದ್ದು ಮುಖ್ಯವಾಗಿ ಇದರ ಬಲದಿಂದ. ಬೆಂಗಳೂರಿನ ಹುಡುಗಿ ಮನೆಯಲ್ಲಿ ಸ್ವಿಚ್ ಒತ್ತುವುದಕ್ಕೂ ಲಾಂಚಿನ ಪಕ್ಕದಲ್ಲಿ ಕಂಡ ಕೊರಡಿಗೂ ನಂಟಿದೆ ಎಂಬುದನ್ನು ಯಾವ ಶಾಲೆಯ ಭೂಪಟವೂ ಹೇಳಿರುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಹಾಗೆ, ನಾಡಿಗೆಲ್ಲ ಬೆಳಕು ಕೊಟ್ಟ ಈ ಹಿನ್ನೀರಿನ ಕೆಲವು ಹಳ್ಳಿಗಳಿಗೆ ವಿದ್ಯುತ್ತು ಬಂದದ್ದು ಎಷ್ಟೋ ವರ್ಷಗಳ ನಂತರ.

ನೀರು ಏರಿದಾಗ ಮನೆ, ಗದ್ದೆ, ತೋಟ, ದೇವಸ್ಥಾನ ಬಿಟ್ಟು ಜನ ಎದ್ದರು. ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಹೋಗಿ, ಎಷ್ಟೋ ಮಂದಿ ಕಾಡಿನ ಜಾಗದಲ್ಲೇ ಹೊಸದಾಗಿ ಬದುಕು ಕಟ್ಟಿದರು. ಆ ಭೂಮಿಯ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಕಳೆದರೂ ಬಗೆಹರಿದಿಲ್ಲ. ಶರಾವತಿ ಮುಳುಗಡೆ ಸಂತ್ರಸ್ತರ ಹೋರಾಟ ಇವತ್ತಿಗೂ ಶಿವಮೊಗ್ಗದ ರಾಜಕೀಯದ ಮೊದಲ ಸಾಲಿನ ವಿಷಯ. ಎದ್ದು ಹೋಗದೆ ಉಳಿದವರ ಕಥೆ ಇನ್ನೊಂದು ಬಗೆ. ಅವರ ಊರು ಮುಳುಗಲಿಲ್ಲ, ರಸ್ತೆ ಮುಳುಗಿತು. ಕರೂರು, ಬಾರಂಗಿ ಹೋಬಳಿಗಳು ತಾಲ್ಲೂಕು ಕೇಂದ್ರವಾದ ಸಾಗರದಿಂದ ಕತ್ತರಿಸಿ ಹೋದವು. ಅವರಿಗಾಗಿ ಬಂದದ್ದು ಈ ಲಾಂಚು. ಪ್ರವಾಸಿಗರಿಗಾಗಿ ಅದನ್ನು ಯಾರೂ ಶುರುಮಾಡಿದ್ದಲ್ಲ.

ಈ ಸಂಗತಿಯನ್ನು ಕನ್ನಡ ಓದುಗರ ಮನಸ್ಸಿನಲ್ಲಿ ಅಚ್ಚೊತ್ತಿದವರು ಸಾಗರದ ಲೇಖಕ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತ ಮುಳುಗಡೆಯನ್ನು ಹತ್ತಿರದಿಂದ ಕಂಡ ಅವರು ಅದನ್ನೇ ಕಾದಂಬರಿಗಳಾಗಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಸೌಂದರ್ಯ ಅದನ್ನು ನಿರ್ಮಿಸಿ ನಟಿಸಿದರು, ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಹದಿಹರೆಯದ ಮಕ್ಕಳ ಕೈಗೆ ಕೊಡಬೇಕಾದದ್ದು ಮಾತ್ರ ಅವರ ಇನ್ನೊಂದು ಪುಸ್ತಕ, ‘ಮುಳುಗಡೆಯ ಊರಿಗೆ ಬಂದವರು’. ಮಕ್ಕಳಿಗಾಗಿಯೇ ಬರೆದ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿದೆ. ಸೇತುವೆ ಉದ್ಘಾಟನೆಯಾದ ವರ್ಷವೇ, ಅದಕ್ಕೆ ಆರು ತಿಂಗಳು ಮೊದಲು, 2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡರು. ಸಿಗಂದೂರಿಗೆ ಹೊರಡುವ ಮನೆಯವರು ಬ್ಯಾಗಿನಲ್ಲಿ ಈ ಪುಸ್ತಕ ಇಟ್ಟುಕೊಂಡು ಹೋದರೆ ಮಕ್ಕಳು ಕೇಳುವ ಅರ್ಧ ಪ್ರಶ್ನೆಗಳಿಗೆ ಅಪ್ಪಂದಿರು ತಡವರಿಸಬೇಕಾಗಿಲ್ಲ.

ಲಾಂಚಿನ ಮೇಲೆ ಎರಡು ಬಗೆಯ ಜನ ಒಟ್ಟಿಗೆ ನಿಲ್ಲುತ್ತಿದ್ದರು. ಒಬ್ಬರಿಗೆ ಅದು ರಜೆಯ ಖುಷಿ, ಇನ್ನೊಬ್ಬರಿಗೆ ದಿನದ ದಾರಿ. ತುಮರಿಯ ಹುಡುಗಿಯೊಬ್ಬಳು ಸಾಗರದ ಆಸ್ಪತ್ರೆಗೋ ಕಚೇರಿಗೋ ಅಮ್ಮನ ಜೊತೆ ಹೋಗಿಬರಬೇಕೆಂದರೆ ಬಸ್ಸಿನ ವೇಳೆ, ಲಾಂಚಿನ ವೇಳೆ ಎರಡನ್ನೂ ಹೊಂದಿಸಿಕೊಳ್ಳಬೇಕಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಅಂದಿನ ಮಟ್ಟಿಗೆ ದಾರಿ ಮುಗಿಯಿತು. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ, ಎದೆನೋವು ಬಂದರೆ ಏನು ಮಾಡುವುದು ಎಂಬ ಚಿಂತೆ ಈ ಊರುಗಳ ಪ್ರತಿ ಮನೆಯಲ್ಲೂ ಇತ್ತು. ರಜೆಯ ದಿನಗಳಲ್ಲಂತೂ ಪ್ರವಾಸಿಗರ ಕಾರುಗಳ ಸಾಲಿನಿಂದಾಗಿ ಊರಿನವರೇ ತಮ್ಮ ಪಾಳಿಗೆ ಕಾಯಬೇಕಾಗುತ್ತಿತ್ತು. ಲಾಂಚು ಹೋಯಿತಲ್ಲ ಎಂದು ಬೇಸರಪಡುವ ಪ್ರವಾಸಿಗರು ಈ ಒಂದು ಮಾತನ್ನು ಮೊದಲು ನೆನೆಯಬೇಕು. ಸುಮಾರು 470 ಕೋಟಿ ರೂಪಾಯಿ ಖರ್ಚಿನಲ್ಲಿ ಎದ್ದ, 2.4 ಕಿಲೋಮೀಟರ್ ಉದ್ದದ ಆ ಸೇತುವೆ ಆಡಂಬರವಲ್ಲ. ಅರವತ್ತು ವರ್ಷದ ಹಿಂದೆ ನಾಡು ಕಿತ್ತುಕೊಂಡಿದ್ದ ರಸ್ತೆಯನ್ನು ಅದು ಹಿಂದಿರುಗಿಸಿದೆ.

ದೋಣಿಯ ಜಾಗಕ್ಕೆ ಸೇತುವೆ ಬಂದದ್ದು ಶರಾವತಿಯಲ್ಲಿ ಮಾತ್ರವಲ್ಲ. ಗುಜರಾತಿನ ಓಖಾದಿಂದ ಬೇಟ್ ದ್ವಾರಕಾ ದ್ವೀಪಕ್ಕೆ ಯಾತ್ರಿಕರು ತಲೆಮಾರುಗಳಿಂದ ದೋಣಿಯಲ್ಲೇ ಹೋಗುತ್ತಿದ್ದರು. 2024ರ ಫೆಬ್ರುವರಿಯಲ್ಲಿ ಸುದರ್ಶನ ಸೇತು ತೆರೆದ ಮೇಲೆ ಅಲ್ಲೂ ಕಾರು ನೇರ ದ್ವೀಪಕ್ಕೆ ಹೋಗುತ್ತದೆ.

ಹಾಗಾದರೆ ಫೆರಿಯ ಪ್ರವಾಸ ಇನ್ನು ಮಕ್ಕಳಿಗೆ ಸಿಗುವುದೇ ಇಲ್ಲವೇ? ಸಿಗುತ್ತದೆ, ಶರಾವತಿಯಿಂದ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಗೋಕರ್ಣಕ್ಕೆ ಹೋದವರು ತದಡಿಗೆ ಬಂದರೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಸಿಗುತ್ತದೆ. ಜನರ ಜೊತೆ ಸ್ಕೂಟರು, ಬೈಕುಗಳೂ ಹತ್ತುತ್ತವೆ. ಆಚೆ ದಡದ ಹಳ್ಳಿಯ ಹೆಸರೂ ಅಘನಾಶಿನಿ. ಹೆದ್ದಾರಿಯಲ್ಲಿ ಮಿರ್ಜಾನ್ ಬಳಸಿ ಬರುವ ಸುತ್ತು ಇದರಿಂದ ಉಳಿಯುತ್ತದೆ. ಶರಾವತಿಯನ್ನು ನೋಡಿಬಂದ ಮಕ್ಕಳಿಗೆ ಇದನ್ನು ತೋರಿಸಲು ವಿಶೇಷ ಕಾರಣವೊಂದಿದೆ. ಅಘನಾಶಿನಿಯ ಹರಿವಿಗೆ ದೊಡ್ಡ ಅಣೆಕಟ್ಟೆ ಅಡ್ಡ ಬಂದಿಲ್ಲ. ಇಲ್ಲಿನ ನೀರು ಏರಿಳಿಯುವುದು ಸಮುದ್ರದ ಭರತ ಇಳಿತಗಳ ಲೆಕ್ಕದಲ್ಲಿ, ದಿನಕ್ಕೆ ಎರಡು ಬಾರಿ. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಚಿಪ್ಪು ಆಯುವ ಹೆಂಗಸರು, ಗಂಡಸರು ಕಾಣುತ್ತಾರೆ; ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳು ಇರುವುದು ಇದೇ ಅಳಿವೆಯ ಅಂಚಿನಲ್ಲಿ. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ತಾಣದ ಮಾನ್ಯತೆಯೂ ಬಂತು. ಒಂದೇ ಘಟ್ಟದಿಂದ ಇಳಿದ ಎರಡು ನದಿಗಳು. ಒಂದನ್ನು ನಾಡು ವಿದ್ಯುತ್ತಿಗೆ ಕಟ್ಟಿತು, ಇನ್ನೊಂದನ್ನು ಹರಿಯಲು ಬಿಟ್ಟಿತು. ಎರಡರ ಮೇಲೂ ತೇಲಿ ಬಂದ ಹುಡುಗಿಗೆ ಈ ವ್ಯತ್ಯಾಸವನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಗೋವಾಕ್ಕೆ ಹೋಗುವ ಕನ್ನಡಿಗ ಕುಟುಂಬಗಳು ಕಡಲತೀರಗಳಲ್ಲೇ ಉಳಿದುಬಿಡುತ್ತವೆ. ಪಣಜಿಯ ಪಕ್ಕದ ರಿಬಂದರಿನಿಂದ ಫೆರಿಯಲ್ಲಿ ಮಾಂಡೋವಿ ನದಿ ದಾಟಿದರೆ ಚೋಡಾಣ ದ್ವೀಪ, ಅಲ್ಲಿ ಕಾಂಡ್ಲಾ ಕಾಡಿನ ನಡುವೆ ಸಲೀಂ ಅಲಿ ಪಕ್ಷಿಧಾಮ. ಕುತೂಹಲದ ವಿಷಯವೆಂದರೆ, ಹೊಳೆಬಾಗಿಲಿನಲ್ಲಿ ಲಾಂಚಿನ ಕಾಲ ಮುಗಿದ ಅದೇ 2025ರ ಜುಲೈನಲ್ಲಿ ಗೋವಾ ಸರ್ಕಾರ ಈ ದಾರಿಯಲ್ಲಿ ವಾಹನಗಳು ನೇರ ಹತ್ತಿ ಇಳಿಯುವ ಹೊಸ ರೋ-ರೋ ಫೆರಿಗಳನ್ನು ಇಳಿಸಿತು. ಕೊಚ್ಚಿಯ ವಾಟರ್ ಮೆಟ್ರೊ ಇನ್ನೂ ಒಂದು ಹೆಜ್ಜೆ ಮುಂದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಈ ಸೇವೆಯ ದೋಣಿಗಳನ್ನು ಕೊಚ್ಚಿ ಹಡಗುಕಟ್ಟೆಯೇ ಕಟ್ಟಿತು. ಅವು ಬ್ಯಾಟರಿಯಿಂದ ಓಡುತ್ತವೆ. ಅಲ್ಲಿನ ನಿಲ್ದಾಣದ ಕಟ್ಟೆಗಳೇ ತೇಲುತ್ತವೆ. ನೀರು ಏರಿದರೆ ಕಟ್ಟೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ದೋಣಿಯ ಅಂಚಿಗೂ ಕಟ್ಟೆಗೂ ಸದಾ ಒಂದೇ ಮಟ್ಟ. ಗಾಲಿಕುರ್ಚಿಯ ಅಜ್ಜಿಯೂ ಯಾರ ಕೈ ಹಿಡಿಯದೆ ಹತ್ತಬಹುದು. ಹೊಳೆಬಾಗಿಲಿನ ಕೆಸರಿನಲ್ಲಿ ಸೀರೆ ಎತ್ತಿಕೊಂಡು ಲಾಂಚು ಹತ್ತಿದ ಅಜ್ಜಿಯರಿಗೆ ಇದರ ಬೆಲೆ ಗೊತ್ತು.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಾದರೆ ಅದು ಕಡಲಿನ ಪ್ರಯಾಣ, ಮಳೆಗಾಲದಲ್ಲಿ ನಿಂತಿರುತ್ತದೆ. ಲಾವಾ ಆರಿ ಕಂಬಗಳಾದ ಶಿಲೆಗಳನ್ನು ನೋಡಲು ಹೊರಟ ಮಕ್ಕಳು ದಾರಿಯಲ್ಲಿ ಹೊಟ್ಟೆ ತೊಳಸಿ ಮುಖ ಬಾಡಿಸಿಕೊಳ್ಳುವುದುಂಟು. ದೇಹ ತೂಗಾಡುತ್ತಿದೆ ಎಂದು ಒಳಕಿವಿ ಹೇಳುತ್ತದೆ. ಫೋನಿನ ಪರದೆ ನೋಡುತ್ತಿರುವ ಕಣ್ಣು ಎಲ್ಲ ಅಲುಗಾಡದೆ ನಿಂತಿದೆ ಎನ್ನುತ್ತದೆ. ಎರಡರ ಜಗಳಕ್ಕೆ ಮಿದುಳು ಕೊಡುವ ಪ್ರತಿಕ್ರಿಯೆಯೇ ವಾಕರಿಕೆ. ಫೋನು ಜೇಬಿಗಿಟ್ಟು, ದೋಣಿಯ ನಡುಭಾಗದಲ್ಲಿ ಕುಳಿತು, ದೂರದ ಬಾನಂಚನ್ನು ನೋಡುತ್ತಿದ್ದರೆ ಕಣ್ಣು ಕಿವಿಗಳೆರಡೂ ಒಂದೇ ಮಾತು ಹೇಳತೊಡಗುತ್ತವೆ.

ಇನ್ನೊಂದು ಮಾತನ್ನು ಮಾತ್ರ ಎಷ್ಟು ಸಲ ಹೇಳಿದರೂ ಕಡಿಮೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮುಳುಗಿ 22 ಮಂದಿ ಹೋದರು. ಇಂಥ ಅವಘಡಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಚಿತ್ರ: ಮಿತಿಮೀರಿದ ಜನ, ತೊಡದೇ ಬಿಟ್ಟ ಜೀವರಕ್ಷಕ ಜಾಕೆಟ್ಟು. ಸಣ್ಣ ದೋಣಿಯಲ್ಲಿ ಜನ ಎತ್ತರದಲ್ಲಿ ನಿಂತಷ್ಟೂ, ಫೋಟೊಕ್ಕೆಂದು ಒಂದೇ ಬದಿಗೆ ಸರಿದಷ್ಟೂ ಅದು ವಾಲುವುದು ಹೆಚ್ಚು. ಒಂದು ಹದ ಮೀರಿ ವಾಲಿದ ದೋಣಿ ತಾನಾಗಿ ನೇರವಾಗದು. ಬಸ್ಸು ಹೊರುವ ಅಗಲದ ಲಾಂಚಿಗೂ ಮೀನುಗಾರಿಕೆಯ ದೋಣಿಗೂ ಇರುವ ವ್ಯತ್ಯಾಸವನ್ನು ಹದಿಹರೆಯದ ಮಕ್ಕಳಿಗೆ ಬಿಡಿಸಿ ಹೇಳಬೇಕು. ಜಾಕೆಟ್ಟು ಕೊಡದ ದೋಣಿ, ಎಣಿಕೆಯಿಲ್ಲದೆ ಜನ ತುಂಬುವ ದೋಣಿ ಹತ್ತುವುದಿಲ್ಲ ಎಂದು ಮನೆಯವರೆಲ್ಲ ಒಟ್ಟಿಗೆ ಹಟ ಹಿಡಿದರೆ ದೋಣಿಯವನು ಬಗ್ಗುತ್ತಾನೆ. ಹಾಗೆ ಹೇಳಲು ಮುಜುಗರಪಡುವ ಅಪ್ಪ ಅಮ್ಮಂದಿರ ಬದಲು ಮಕ್ಕಳೇ ಬಾಯಿಬಿಟ್ಟು ಕೇಳಿದರೆ ಇನ್ನೂ ಒಳ್ಳೆಯದು.

ಮತ್ತೆ ಶರಾವತಿಯ ಮಾತಿಗೆ ಬಂದರೆ, ಈಗ ಸಿಗಂದೂರಿಗೆ ಹೋಗುವ ಕಾರು ಸೇತುವೆಯನ್ನು ಎರಡು ಮೂರು ನಿಮಿಷದಲ್ಲಿ ದಾಟುತ್ತದೆ. ಹಿಂದಿನ ಸೀಟಿನ ಹುಡುಗಿ ಇಯರ್‌ಫೋನು ತೆಗೆಯಬೇಕಾಗಿಲ್ಲ. ಬಣ್ಣದ ದೀಪ, ಎತ್ತರದ ಕೇಬಲ್ಲುಗಳನ್ನು ನೋಡಿ ಖುಷಿಪಡುತ್ತಾಳೆ, ಕೆಳಗೆ ಏನಿತ್ತು ಎಂದು ಹೇಳುವ ಹಿರಿಯರು ಪಕ್ಕದಲ್ಲಿ ಇರುವುದಿಲ್ಲ. ಸೇತುವೆಯ ಅನುಕೂಲ ಯಾರಿಗೂ ತಪ್ಪದ ಹಾಗೆ ಈ ಕೊರತೆಯನ್ನು ತುಂಬಲು ಸಾಧ್ಯವಿದೆ. ಊರವರನ್ನು ದಾಟಿಸುವ ಹೊರೆ ಇಳಿದ ಮೇಲೆ ಜಲಸಾರಿಗೆ ಇಲಾಖೆ ಒಂದು ಲಾಂಚನ್ನು ಇದಕ್ಕೆಂದೇ ಮೀಸಲಿಡಲಿ. ಶಾಲೆಗಳ ಪ್ರವಾಸದ ಕಾಲದಲ್ಲಿ, ಬೇಸಗೆ ರಜೆಯಲ್ಲಿ ದಿನಕ್ಕೆ ಎರಡು ಸುತ್ತು ಸಾಕು. ಮಿತಿಯಷ್ಟೇ ಜನ, ಎಲ್ಲರಿಗೂ ಜಾಕೆಟ್ಟು. ಮುಳುಗಿದ ಊರುಗಳ ಹೆಸರನ್ನು ಅವು ಇದ್ದ ಜಾಗದಲ್ಲೇ ಗುರುತಿಸಿದ ಒಂದು ನಕ್ಷೆಯನ್ನು ಲಾಂಚಿನ ಗೋಡೆಗೆ ಹಾಕಲಿ. ವಿವರಿಸುವ ಕೆಲಸಕ್ಕೆ ಹೊರಗಿನವರು ಬೇಡ. ಕರೂರು, ಬಾರಂಗಿ ಹೋಬಳಿಗಳ ಯುವಕ ಯುವತಿಯರಿಗೇ ಆ ಉದ್ಯೋಗ ಕೊಡಬೇಕು. ನೀರು ಏರಿದ ದಿನಗಳನ್ನು ಕಂಡವರು ಅವರ ಮನೆಗಳಲ್ಲಿ ಇನ್ನೂ ಇದ್ದಾರೆ. ಆದರೆ 1964ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಾತನ್ನು ದಾಖಲಿಸಿಕೊಳ್ಳುವ ಕೆಲಸ ಈ ಬೇಸಗೆಯಲ್ಲೇ ಶುರುವಾಗಬೇಕು.